ಒಂದೇ ಕೋಶದ ತುತ್ತೂರಿ

ಕೆರೆಯಂಚಿನ ಕೊಳೆತೆಲೆಗೆ ಅಂಟಿದ ನೀಲಿ ಸ್ಟೆಂಟರ್ ಬರಿಗಣ್ಣಿಗೇ ಕಂಡೀತು. ಸುಮಾರು ಒಂದು ಮಿಲಿಮೀಟರ್ ಉದ್ದದ ತುತ್ತೂರಿ, ಅಷ್ಟೂ ಒಂದೇ ಜೀವಕೋಶ! ಅಗಲ ಬಾಯಿಯ ಸುತ್ತಲಿನ ಲೋಮಾಂಗಗಳು ಅಲೆಯಲೆಯಾಗಿ ಬಡಿದು ನೀರಲ್ಲಿ ಸುಳಿ ಎಬ್ಬಿಸಿದರೆ ಬ್ಯಾಕ್ಟೀರಿಯಾ, ಸಣ್ಣ ಪಾಚಿ ಒಳಗಿಳಿಯುತ್ತವೆ. ಇದನ್ನು ಕತ್ತರಿಸಿದರೂ, ಗಂಟುಗಂಟಾದ ಕೋಶಕೇಂದ್ರದ ಒಂದು ಗಂಟೂ ಒಂದಿಷ್ಟು ಹೊರಪದರವೂ ಉಳಿದ ಚೂರು ಮತ್ತೆ ಪೂರ್ತಿ ಸ್ಟೆಂಟರ್ ಆಗಬಲ್ಲದು.

ಅಮೀಬಾ, ಡಯಾಟಮ್, ಮಲೇರಿಯಾದ ಪ್ಲಾಸ್ಮೋಡಿಯಂ, ಈ ಸ್ಟೆಂಟರ್, ಎಲ್ಲವೂ ಪ್ರೋಟಿಸ್ಟ್‌ಗಳೇ. ಆ ಹೆಸರು ನಮ್ಮ ಅನುಕೂಲಕ್ಕಷ್ಟೇ. ಅವುಗಳ ನಡುವಿನ ನೆಂಟಸ್ತಿಕೆ ಬಲು ದೂರದ್ದು.

ನನಗೆ ಹೆಚ್ಚು ಮೆಚ್ಚುಗೆಯಾದದ್ದು ನೀಲಿ ಸ್ಟೆಂಟರಿನ ದಾಯಾದಿ ಸ್ಟೆಂಟರ್ ರೋಸೆಲಿಯ ನಡತೆ. ಅಮೆರಿಕದ ಜೀವವಿಜ್ಞಾನಿ ಎಚ್. ಎಸ್. ಜೆನ್ನಿಂಗ್ಸ್ ಅದರ ಬಾಯಿಗೆ ಕಾರ್ಮೈನ್ ಬಣ್ಣದ ಪುಡಿ ಬಿಟ್ಟು ಕಾಡಿದ್ದನ್ನು 1906ರ ಪುಸ್ತಕದಲ್ಲಿ ವರ್ಣಿಸಿದ್ದಾರೆ. ಮೊದಲು ಪಕ್ಕಕ್ಕೆ ಬಾಗಿತು. ಪುಡಿ ನಿಲ್ಲಲಿಲ್ಲ, ಲೋಮಾಂಗಗಳನ್ನು ಹಿಮ್ಮುಖವಾಗಿ ಬಡಿದು ಹೊರದಬ್ಬಿತು. ಆಮೇಲೆ ಮುದುಡಿತು, ಮತ್ತೆ ಮತ್ತೆ ಮುದುಡಿತು. ಕೊನೆಗೆ ಬುಡ ಕಿತ್ತುಕೊಂಡು ಈಜಿ ಹೋಯಿತು. ಮುಂದೆ ಕೆಲವರು ಬೇರೊಂದು ಪ್ರಭೇದದ ಮೇಲೆ ಪ್ರಯೋಗಿಸಿ ಇದನ್ನು ಅಲ್ಲಗಳೆದರು. ಇದೆಂಥ ಪರೀಕ್ಷೆಯೋ! 2019ರಲ್ಲಿ ಹಾರ್ವರ್ಡ್ ತಂಡ ರೋಸೆಲಿಯನ್ನೇ ಹುಡುಕಿ, ಸೂಕ್ಷ್ಮ ಪ್ಲಾಸ್ಟಿಕ್ ಮಣಿಗಳನ್ನು ಹಾಯಿಸಿದಾಗ ಜೆನ್ನಿಂಗ್ಸ್ ಕಂಡ ವರ್ತನೆಗಳೇ ಕಂಡವು. ಮತ್ತೆ ಮುದುಡುವುದೋ, ಕಿತ್ತು ಹೊರಡುವುದೋ ಎಂಬಲ್ಲಿ ಮಾತ್ರ ನಾಣ್ಯ ಚಿಮ್ಮಿದಂತೆ ಸರಿಸಮ ಸಾಧ್ಯತೆ.