ಲ್ಯಾಸಿಕ್‌ಗೆ ಫಿಟ್

ಅಕ್ಕನ ಮಗಳ ಫೈಲು ಎರಡು ವಾರದಿಂದ ನನ್ನ ಮೇಜಿನ ಮೇಲಿದೆ. ಅವಳಿಗೆ 24 ವರ್ಷ, ಎರಡೂ ಕಣ್ಣಿಗೆ ಮೈನಸ್ 11 ನಂಬರು. ಫೈಲು ದಪ್ಪಗಿದೆ. ಕಾರ್ನಿಯಾಕ್ಕೆ ಸಂಬಂಧಿಸಿದ್ದೇ ಆರು ಹಾಳೆ. ಅದರ ಉಬ್ಬು, ತಗ್ಗು, ದಪ್ಪ ಎಲ್ಲವನ್ನೂ ಮೈಕ್ರಾನ್ ಲೆಕ್ಕದಲ್ಲಿ ಅಳೆದು ಕೆಂಪು, ಹಳದಿ, ನೀಲಿಯಲ್ಲಿ ಮುದ್ರಿಸಿದ ನಕ್ಷೆಗಳು. ರೆಟಿನಾಕ್ಕೆ ಸಿಕ್ಕಿರುವುದು ಅಂಗೈಯಗಲದ ಒಂದು ಚೀಟಿ. ಅದರಲ್ಲಿ ಮೂರು ವಾಕ್ಯ: ‘ಎರಡೂ ಕಣ್ಣಿನಲ್ಲಿ ಲ್ಯಾಟಿಸ್. ಬ್ಯಾರೇಜ್ ಲೇಸರ್ ಆಗಿದೆ. ಲ್ಯಾಸಿಕ್‌ಗೆ ಫಿಟ್.’

ಕವಿತೆಯ ಮೂರು ಸಾಲನ್ನು ಕೂತು ಓದುವ ತಾಳ್ಮೆಯಿಂದ ಈ ಮೂರು ವಾಕ್ಯವನ್ನು ಓದಬೇಕು ಅನ್ನುವುದು ನನ್ನ ಹಟ. ಕನ್ನಡಕ ಬಿಡಿಸುವ ಲೇಸರ್‌ಗೆ ನಮ್ಮಲ್ಲಿ ಬಂದಿರುವ ಹೆಸರು ಅದರ ಯೋಗ್ಯತೆಗಿಂತ ದೊಡ್ಡದು. ರೆಟಿನಾ ಪರೀಕ್ಷೆಗೆ ಇರುವ ಹೆಸರು ಅದರ ಯೋಗ್ಯತೆಗಿಂತ ತೀರ ಸಣ್ಣದು. ಎರಡೂ ಒಂದೇ ಕಡೆ ಕಾಣುವುದು ಈ ಚೀಟಿಯಲ್ಲಿ.

ಮೊದಲನೆಯ ಹೆಸರು ಎಲ್ಲಿಂದ ಬಂತು ಎನ್ನುವುದಕ್ಕೆ ನನಗೊಂದು ಊಹೆಯಿದೆ. ದಾವಣಗೆರೆಯ ಡಾ. ಎಂ.ಸಿ. ಮೋದಿಯವರು ಊರೂರಿಗೆ ಹೋಗಿ ಶಾಲೆ, ಛತ್ರಗಳಲ್ಲಿ ಸಾವಿರಾರು ಜನರ ಪೊರೆ ತೆಗೆದ ಕಾಲದಿಂದ, ಕಣ್ಣಿನ ಆಪರೇಷನ್ ಅಂದರೆ ಕತ್ತಲೆಯಿಂದ ಬೆಳಕಿಗೆ ಅನ್ನುವ ನಂಬಿಕೆ ನಮ್ಮ ಜನದಲ್ಲಿ ಬೇರೂರಿದೆ. ಪೊರೆಯ ಮಟ್ಟಿಗೆ ಆ ನಂಬಿಕೆ ನೂರಕ್ಕೆ ನೂರು ನ್ಯಾಯವಾದದ್ದು. ಲ್ಯಾಸಿಕ್ ಆ ಗಳಿಕೆಯ ಮೇಲೆ ಸಾಲ ಎತ್ತಿದೆ. ಪೊರೆ ತೆಗೆಸಿಕೊಂಡವರ ಕಾಯಿಲೆಯೇ ಹೋಗುತ್ತದೆ. ಲ್ಯಾಸಿಕ್ ಮಾಡಿಸಿಕೊಂಡವರ ಕಾಯಿಲೆ ಇದ್ದಲ್ಲೇ ಇರುತ್ತದೆ, ಕನ್ನಡಕ ಮಾತ್ರ ಹೋಗುತ್ತದೆ.

‘ಮಾವ, ನಂಬರ್ ಹೋದ್ರೆ ಕಣ್ಣು ಸರಿಯಾಯ್ತು ಅಂತ ತಾನೆ?’ ಎಂದು ಅವಳು ಕೇಳಿದಳು. ಓದಿದ ಹುಡುಗಿ. ಹೆಣ್ಣು ನೋಡಲು ಬಂದವರು ಅವಳ ಕನ್ನಡಕದ ದಪ್ಪ ನೋಡಿ ಮುಖ ಮುಖ ನೋಡಿಕೊಂಡದ್ದು ಅವಳ ಮನಸ್ಸಿನಲ್ಲಿ ಕೂತಿದೆ. ಆ ನೋವನ್ನು ನಾನು ಹಗುರಾಗಿ ಕಾಣಲಾರೆ. ಆದರೆ ಉತ್ತರ: ಅಲ್ಲ. ಸಾಮಾನ್ಯ ಕಣ್ಣುಗುಡ್ಡೆಯ ಉದ್ದ 23ರಿಂದ 24 ಮಿಲಿಮೀಟರ್. ಅವಳದು 27.4. ಗುಡ್ಡೆ ಹಿಗ್ಗಿದಂತೆ ಒಳಗೋಡೆಗೆ ಅಂಟಿದ ರೆಟಿನಾವೂ ಎಳೆದುಕೊಂಡು ತೆಳ್ಳಗಾಗಿದೆ. ಲೇಸರ್ ಮುಂದಿನ ಕಾರ್ನಿಯಾವನ್ನು ಚಪ್ಪಟೆ ಮಾಡಿ ನಂಬರನ್ನು ಸೊನ್ನೆಗೆ ತಂದ ಮರುದಿನವೂ ಆ ಗುಡ್ಡೆ 27.4 ಮಿಲಿಮೀಟರೇ.

ಈಗ ಚೀಟಿಗೆ ಬರೋಣ. ಅದರ ಎರಡನೆಯ ವಾಕ್ಯದಲ್ಲೂ ಮೂರನೆಯದರಲ್ಲೂ ಲೇಸರ್ ಇದೆ. ಗೊಂದಲ ಹುಟ್ಟುವುದೇ ಅಲ್ಲಿ. ಲ್ಯಾಸಿಕ್‌ನದು 193 ನ್ಯಾನೊಮೀಟರ್‌ನ ಎಕ್ಸೈಮರ್ ಕಿರಣ. ಅದು ಕಾರ್ನಿಯಾದ ಮೇಲ್ಮೈಯಲ್ಲೇ ಇಂಗಿಹೋಗುತ್ತದೆ, ರೆಟಿನಾವನ್ನು ಮುಟ್ಟುವುದೇ ಇಲ್ಲ. ಜೀವಕೋಶವನ್ನು ಸುಡದೆ ಪದರ ಪದರವಾಗಿ ಎಬ್ಬಿಸುವ ಅದರ ಗುಣವನ್ನು 1981ರಲ್ಲಿ ಕಂಡುಹಿಡಿದವರಲ್ಲಿ ಮುಖ್ಯರು ಮದರಾಸಿನಲ್ಲಿ ಹುಟ್ಟಿ ಅಮೆರಿಕದ ಐಬಿಎಂ ಪ್ರಯೋಗಾಲಯದಲ್ಲಿದ್ದ ರಂಗಸ್ವಾಮಿ ಶ್ರೀನಿವಾಸನ್. ಮೊದಲ ಪ್ರಯೋಗ ನಡೆದದ್ದು ಹಬ್ಬದೂಟದಲ್ಲಿ ಉಳಿದ ಟರ್ಕಿ ಕೋಳಿಯ ಮೂಳೆ, ಮಾಂಸದ ಮೇಲೆ. ಅದು ದೊಡ್ಡ ವಿಜ್ಞಾನ, ಅದರ ಬಗ್ಗೆ ನನ್ನ ತಕರಾರಿಲ್ಲ. ಬ್ಯಾರೇಜ್‌ನದು ಹಸಿರು ಬೆಳಕು. ಅದು ಕಾರ್ನಿಯಾವನ್ನು ದಾಟಿ ಹೋಗಿ ರೆಟಿನಾದ ಮೇಲೆ ಸಣ್ಣ ಸಣ್ಣ ಸುಟ್ಟ ಕಲೆ ಮಾಡುತ್ತದೆ. ತೂತಿನ ಸುತ್ತ ಸಾಲಾಗಿ ಹಾಕಿದ ಕಲೆಗಳು ಒಂದೆರಡು ವಾರದಲ್ಲಿ ಗಟ್ಟಿಯಾಗಿ ರೆಟಿನಾವನ್ನು ಹಿಂದಿನ ಪದರಕ್ಕೆ ಅಂಟಿಸುತ್ತವೆ. ಒಂದು ಕೆತ್ತುವ ಬೆಳಕು, ಇನ್ನೊಂದು ಬೆಸೆಯುವ ಬೆಳಕು. ಮನೆಯಲ್ಲಿ ಮಾತ್ರ ಎರಡಕ್ಕೂ ‘ಲೇಸರ್ ಆಯ್ತು’ ಎಂದೇ ಹೇಳುವುದು. ನನ್ನ ಅಕ್ಕ ಮೂರು ತಿಂಗಳು ಮಗಳಿಗೆ ಅರ್ಧ ಆಪರೇಷನ್ ಮುಗಿದಿದೆ ಎಂದೇ ತಿಳಿದಿದ್ದರು.

‘ಲ್ಯಾಟಿಸ್’ ಎನ್ನುವ ಪದ ನೋಡಿ. ರೆಟಿನಾದ ಅಂಚಿನಲ್ಲಿ ಸವೆದ ಸೀರೆಯಂತೆ ಎಳೆ ಎಳೆಯಾಗಿ ಕಾಣುವ ಜಾಗ. ಗಡಿಯಾರದ ಎಷ್ಟು ಗಂಟೆಯ ದಿಕ್ಕಿನಲ್ಲಿ? ಒಂದು ಕಡೆಯೋ, ನಾಲ್ಕು ಕಡೆಯೋ? ಅದರೊಳಗೆ ತೂತಿದೆಯೇ? ತೂತಿನ ಸುತ್ತ ನೀರು ಕೂತಿದೆಯೇ? ಚೀಟಿ ಯಾವುದನ್ನೂ ಹೇಳುವುದಿಲ್ಲ. ಕಾರ್ನಿಯಾದ ಒಂದೊಂದು ಮೈಕ್ರಾನ್‌ಗೂ ಅಂಕಿ ಇರುವ ಫೈಲಿನಲ್ಲಿ, ದೃಷ್ಟಿಯನ್ನು ಶಾಶ್ವತವಾಗಿ ಕಳೆಯಬಲ್ಲ ಜಾಗಕ್ಕೆ ವಿಳಾಸವೂ ಇಲ್ಲ.

‘ಬ್ಯಾರೇಜ್ ಆಗಿದೆ’ ಎನ್ನುವಾಗ ದನಿ ಸಮಾಧಾನದ್ದು, ಬಾಗಿಲಿಗೆ ಚಿಲಕ ಹಾಕಿದೆ ಎನ್ನುವಂತೆ. ಇಲ್ಲಿ ನನ್ನ ಜಗಳ ಬರೀ ಚೀಟಿ ಬರೆದವರ ಜೊತೆಗಲ್ಲ, ಆರೋಗ್ಯ ಅಂಕಣಗಳಲ್ಲಿ ‘ಲ್ಯಾಟಿಸ್ ಇದ್ದರೆ ಬ್ಯಾರೇಜ್ ಮಾಡಿಸಿ, ನಂತರ ಚಿಂತೆಯಿಲ್ಲ’ ಎಂದು ಬರೆಯುವವರ ಜೊತೆಗೂ ಇದೆ. ನಾರ್ಮನ್ ಬೈಯರ್ ಎಂಬ ಅಮೆರಿಕದ ವೈದ್ಯರು ಲ್ಯಾಟಿಸ್ ಇದ್ದ 423 ಕಣ್ಣುಗಳನ್ನು ಚಿಕಿತ್ಸೆ ಕೊಡದೆ, ಸರಾಸರಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಬೆನ್ನು ಬಿಡದೆ ನೋಡಿ 1989ರಲ್ಲಿ ಪ್ರಕಟಿಸಿದರು. ಪೂರ್ಣ ಪ್ರಮಾಣದಲ್ಲಿ ರೆಟಿನಾ ಕಳಚಿದ್ದು ಮೂರು ಕಣ್ಣುಗಳಲ್ಲಿ. ಅಂದರೆ ಎಲ್ಲ ಲ್ಯಾಟಿಸ್‌ಗೂ ಬೆಂಕಿ ಇಡಬೇಕಾಗಿಲ್ಲ. ಇನ್ನೊಂದು ಕಡೆಯಿಂದ ನೋಡಿದರೆ, ಲ್ಯಾಟಿಸ್‌ಗೆ ಬೇಲಿ ಹಾಕಿದ ಕಣ್ಣಿನಲ್ಲೇ, ಬೇಲಿಯಿಂದ ದೂರದ, ಚೆನ್ನಾಗಿ ಕಾಣುತ್ತಿದ್ದ ರೆಟಿನಾ ಹರಿಯುವುದುಂಟು. ಒಳಗಿನ ಲೋಳೆ ವಯಸ್ಸಿನೊಂದಿಗೆ ಕುಗ್ಗಿ ರೆಟಿನಾದಿಂದ ಬಿಡಿಸಿಕೊಳ್ಳುವಾಗ ಎಲ್ಲಿ ಜಗ್ಗುತ್ತದೋ ಅಲ್ಲಿ ಹರಿಯುತ್ತದೆ. ಹೀಗಿರುವಾಗ ಬ್ಯಾರೇಜನ್ನು ಲ್ಯಾಸಿಕ್‌ನ ಪ್ರವೇಶಪತ್ರ ಮಾಡಿದ್ದು ರೋಗಿಗೆ ಬೇಕಾಗಿಯೋ, ಫೈಲಿಗೆ ಬೇಕಾಗಿಯೋ? ಮಿಂಚು, ತೇಲುವ ಚುಕ್ಕೆಗಳ ಜೊತೆ ಬಂದ ಕುದುರೆಲಾಳದ ಆಕಾರದ ಹರುಕಿಗೆ ಲೇಸರ್ ಹಾಕಲೇಬೇಕು, ಅದೂ ತಡಮಾಡದೆ. ಅದು ಬೇರೆ ಮಾತು. ಅದನ್ನೂ ಇದನ್ನೂ ಒಂದೇ ಪದದಲ್ಲಿ ಸುತ್ತಿದ್ದು ತಪ್ಪು.

ಎದುರು ಪಾಳೆಯವೂ ಇದೆ. ‘ಲ್ಯಾಸಿಕ್ ಮಾಡಿಸಿದರೆ ರೆಟಿನಾ ಕಿತ್ತುಬರುತ್ತದೆ’ ಎನ್ನುವವರು. ಕಾರ್ನಿಯಾದ ಮೇಲ್ಪದರವನ್ನು ಮುಚ್ಚಳದಂತೆ, ಅಂದರೆ ಫ್ಲ್ಯಾಪ್ ಆಗಿ, ಕತ್ತರಿಸುವಾಗ ಕಣ್ಣನ್ನು ಹಿಡಿಯುವ ರಿಂಗು ಒತ್ತಡವನ್ನು ಕೆಲವು ಕ್ಷಣ ಮಾಮೂಲಿನ ಮೂರು ಪಟ್ಟಿಗೂ ಹೆಚ್ಚು ಏರಿಸುತ್ತದೆ, ಅದೇ ಕಾರಣ ಎನ್ನುತ್ತಾರೆ. ವೆನೆಜುವೆಲಾದ ಅರೆವಾಲೊ ಮತ್ತು ಸಂಗಡಿಗರು 2000ರಲ್ಲಿ ಪ್ರಕಟಿಸಿದ ಲೆಕ್ಕ ಇವರಿಗೆ ಉತ್ತರವಾಗಿ ಸದಾ ಮುಂದೆ ಬರುತ್ತದೆ: ಲ್ಯಾಸಿಕ್ ಆದ ಸುಮಾರು 30,000 ಕಣ್ಣುಗಳಲ್ಲಿ ರೆಟಿನಾದ ತೊಂದರೆ ಕಂಡದ್ದು ಶೇ. 0.06ರಲ್ಲಿ. ಸರಿ, ರಿಂಗನ್ನು ದೂರುವವರ ಬಾಯಿ ಇದರಿಂದ ಮುಚ್ಚುತ್ತದೆ. ಆದರೆ ಆ ಲೆಕ್ಕದ ಅವಧಿ 24 ತಿಂಗಳು. ಮೈನಸ್ 3 ದಾಟಿದ ಕಣ್ಣಿಗೆ ರೆಟಿನಾ ಕಳಚುವ ಅಪಾಯ ನಂಬರಿಲ್ಲದ ಕಣ್ಣಿನ ಸುಮಾರು ಹತ್ತು ಪಟ್ಟು. ಆ ಅಪಾಯ ಎರಡು ವರ್ಷದ್ದಲ್ಲ, ಬದುಕಿನುದ್ದಕ್ಕೂ ಬರುವಂಥದು. 24ರ ಹುಡುಗಿಗೆ 26ರವರೆಗಿನ ಲೆಕ್ಕ ತೋರಿಸಿ ಧೈರ್ಯ ಹೇಳುವವರು 50ರ ಹೆಂಗಸನ್ನು ಮರೆತಿದ್ದಾರೆ. ಕನ್ನಡಕವಿಲ್ಲದ ಆ ಹೆಂಗಸು ತಾನು ಮೈನಸ್ 11ರ ಕಣ್ಣಿನವಳು ಅನ್ನುವುದನ್ನೇ ಮರೆತಿರುತ್ತಾಳೆ. ಕಣ್ಣಿನಲ್ಲಿ ಮಿಂಚು ಹೊಡೆದರೆ ಸುಸ್ತು ಎಂದುಕೊಂಡು ಮಲಗುತ್ತಾಳೆ. ನನಗೆ ಹೆದರಿಕೆ ಇರುವುದು ಲ್ಯಾಸಿಕ್‌ನ ಬೆಳಕಿನದಲ್ಲ, ಈ ಮರೆವಿನದು.

ಇನ್ನು ‘ಫಿಟ್’. ಇದು ಕಾರ್ನಿಯಾದ ಲೆಕ್ಕದಲ್ಲೂ ನಿಲ್ಲುವುದಿಲ್ಲ. ಎಷ್ಟು ಕೆತ್ತಬೇಕು ಎನ್ನುವುದಕ್ಕೆ ಮನ್ನರ್ಲಿನ್ ಸೂತ್ರವಿದೆ: ಕೆತ್ತುವ ವೃತ್ತದ ವ್ಯಾಸದ ವರ್ಗವನ್ನು ನಂಬರಿನಿಂದ ಗುಣಿಸಿ ಮೂರರಿಂದ ಭಾಗಿಸಬೇಕು. 6 ಮಿಲಿಮೀಟರ್ ವೃತ್ತಕ್ಕೆ, 11 ನಂಬರಿಗೆ, 132 ಮೈಕ್ರಾನ್. ಮೇಲೆ ಎತ್ತುವ ಫ್ಲ್ಯಾಪ್ 110. ಅವಳ ಕಾರ್ನಿಯಾದ ದಪ್ಪ 498. ಕಳೆದರೆ ಉಳಿಯುವುದು 256. ಕೆಳಗೆ 250ಕ್ಕಿಂತ ಕಡಿಮೆ ಉಳಿಯಬಾರದು ಎನ್ನುವುದು ಹಳೆಯ ನಿಯಮ, ಅನೇಕರು ಈಗ 300 ಕೇಳುತ್ತಾರೆ. ಮುಟ್ಟಿದ ಪಾಲು ಒಟ್ಟು ದಪ್ಪದ ಶೇ. 40 ದಾಟಬಾರದು ಎನ್ನುವುದು ಹೊಸ ಎಚ್ಚರಿಕೆ. ಇಲ್ಲಿ ಅದು ಶೇ. 48 ದಾಟಿದೆ. ‘ಜಸ್ಟ್ ಪಾಸ್ ಆಗ್ತಿದೆ ಸರ್, ಬೇಕಾದ್ರೆ ಝೋನ್ 5.5 ಮಾಡ್ಬಹುದು’ ಎಂದರು ಕೌನ್ಸೆಲಿಂಗ್‌ನವರು. ಹಾಗೆ ಮಾಡಿದರೆ 21 ಮೈಕ್ರಾನ್ ಉಳಿಯುತ್ತದೆ ನಿಜ, ಆದರೂ ಮುಟ್ಟಿದ ಪಾಲು ಶೇ. 44. ಮೇಲಾಗಿ ವೃತ್ತ ಕಿರಿದಾದ್ದರಿಂದ ರಾತ್ರಿ ಪಾಪೆ ಹಿಗ್ಗಿದಾಗ ಅದರ ಅಂಚು ಅಡ್ಡ ಬಂದು ದೀಪಗಳ ಸುತ್ತ ಬಳೆ ಕಾಣಿಸುತ್ತದೆ. ಕಾರ್ನಿಯಾದ ದಪ್ಪಕ್ಕೆ ಪರೀಕ್ಷೆಯ ಅಂಕದ ಮಾತು ಹೊಂದುವುದಿಲ್ಲ. ಬಲ ತಪ್ಪಿದ ಕಾರ್ನಿಯಾ ವರ್ಷಗಳ ನಂತರ ಉಬ್ಬಿಕೊಂಡರೆ ಸಪ್ಲಿಮೆಂಟರಿ ಇಲ್ಲ.

ಸ್ಮೈಲ್ ಎಂಬ ಫ್ಲ್ಯಾಪ್ ಇಲ್ಲದ ವಿಧಾನಕ್ಕೆ ಅಮೆರಿಕದ ಎಫ್‌ಡಿಎ ಕೊಟ್ಟಿರುವ ಮಿತಿ ಮೈನಸ್ 10. ಅದು ಇಲ್ಲಿಗೆ ಮುಗಿಯಿತು. ಮಸೂರವನ್ನೇ ತೆಗೆದು ಬೇರೆ ಕೂರಿಸುವ ಆಪರೇಷನ್ನು ಎಳೆಯ, ಉದ್ದದ ಕಣ್ಣಿಗೆ ಬೇಡವೇ ಬೇಡ. ಫ್ರಾನ್ಸಿನ ಕೊಲಿನ್ ತಂಡ ಹಾಗೆ ಮಾಡಿದ ಕಣ್ಣುಗಳನ್ನು ಏಳು ವರ್ಷ ನೋಡಿದಾಗ ಶೇ. 8.1ರಲ್ಲಿ ರೆಟಿನಾ ಕಳಚಿತ್ತು.

ಉಳಿಯುವುದು ಐಸಿಎಲ್. ಪಾಪೆಯ ಹಿಂದೆ, ಸ್ವಂತ ಮಸೂರದ ಮುಂದೆ ಮಡಚಿ ಕೂರಿಸುವ ಮೃದು ಲೆನ್ಸು. ಕಾರ್ನಿಯಾ ಕೆತ್ತುವ ಪ್ರಶ್ನೆಯಿಲ್ಲ, ಬೇಡವಾದರೆ ತೆಗೆಯಬಹುದು. ದಪ್ಪ ಕನ್ನಡಕದ ಮೂಲಕ ಕುಗ್ಗಿ ಕಾಣುತ್ತಿದ್ದ ಲೋಕ ಅದರಲ್ಲಿ ತನ್ನ ಅಳತೆಗೆ ಬರುವುದರಿಂದ ಕೆಲವರು ಬೋರ್ಡಿನಲ್ಲಿ ಇನ್ನೊಂದು ಸಾಲು ಹೆಚ್ಚು ಓದುತ್ತಾರೆ. ಈ ನಂಬರಿಗೆ ಆಪರೇಷನ್ ಬೇಕೇ ಬೇಕು ಅನ್ನುವವರಿಗೆ ನನ್ನ ಒಲವು ಇದರ ಕಡೆಗೆ. ಹಾಗಂತ ಇದೂ ಕಣ್ಣಿನೊಳಗೆ ಕೈ ಹಾಕುವ ಕೆಲಸವೇ. ಒಳಗೆ ಜಾಗ ಸಾಲಬೇಕು, ಪೊರೆ ಬೇಗ ಬರಬಹುದು, ಕಾರ್ನಿಯಾದ ಒಳಪದರದ ಕೋಶಗಳನ್ನು ಆಗಾಗ ಎಣಿಸುತ್ತಿರಬೇಕು. ರೆಟಿನಾದ ನಡುಭಾಗವೇ ಸವೆದಿದ್ದರೆ ಐಸಿಎಲ್ ಆಗಲಿ ಲ್ಯಾಸಿಕ್ ಆಗಲಿ ಕೊಡುವುದೇನೂ ಇಲ್ಲ.

ಮೊನ್ನೆ ಅವಳನ್ನು ಇನ್ನೊಬ್ಬ ರೆಟಿನಾ ವೈದ್ಯರ ಹತ್ತಿರ ಕರೆದುಕೊಂಡು ಹೋದೆ. ಪಾಪೆ ಹಿಗ್ಗಿಸುವ ಹನಿ ಹಾಕಿ ಮುಕ್ಕಾಲು ಗಂಟೆ ಕೂರಿಸಿದರು. ಆಮೇಲೆ ಮಲಗಿಸಿ, ತಲೆಗೆ ದೀಪ ಕಟ್ಟಿಕೊಂಡು, ಒಂದು ಕೈಯಲ್ಲಿ ಲೆನ್ಸು, ಇನ್ನೊಂದರಲ್ಲಿ ಸಣ್ಣ ಲೋಹದ ಕಡ್ಡಿ ಹಿಡಿದು ರೆಪ್ಪೆಯ ಮೇಲಿಂದ ಗುಡ್ಡೆಯನ್ನು ಮೆಲ್ಲಗೆ ಒತ್ತುತ್ತಾ ಹೋದರು. ಒತ್ತಿದಾಗ ರೆಟಿನಾದ ತುದಿಯಂಚು ಒಳಕ್ಕೆ ಬಾಗಿ ಕಣ್ಣಿಗೆ ಬೀಳುತ್ತದೆ. ‘ಮೇಲೆ ನೋಡಮ್ಮ. ಈಗ ಕಿವಿ ಕಡೆ. ಇನ್ನೂ ಕೆಳಗೆ.’ ಅವಳ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ನನ್ನ ಬೆರಳನ್ನು ಗಟ್ಟಿಯಾಗಿ ಹಿಡಿದಿದ್ದಳು. ಹೀಗೆ ಇಣುಕಿ ನೋಡುವ ಉಪಕರಣವನ್ನು ಎರಡು ಕಣ್ಣಿಗೆ ಹೊಂದಿಸಿಕೊಟ್ಟವರು ಬೆಲ್ಜಿಯಂನ ಚಾರ್ಲ್ಸ್ ಶೆಪೆನ್ಸ್, 1940ರ ದಶಕದಲ್ಲಿ. ಅವರ ಹೆಸರು ಯಾವ ಆಸ್ಪತ್ರೆಯ ಜಾಹೀರಾತಿನಲ್ಲೂ ನಾನು ನೋಡಿಲ್ಲ.

ಪರೀಕ್ಷೆ ಮುಗಿಸಿ ಆ ವೈದ್ಯರು ಬಣ್ಣದ ಪೆನ್ಸಿಲು ತೆಗೆದುಕೊಂಡು ಎರಡು ದೊಡ್ಡ ವೃತ್ತ ಬರೆದರು, ಗಡಿಯಾರದಂತೆ ಗಂಟೆ ಗುರುತಿಸಿದರು. ರಕ್ತನಾಳಗಳನ್ನು ಎಳೆದರು. ಬಲಗಣ್ಣಿನ ಏಳು ಮತ್ತು ಹನ್ನೊಂದು ಗಂಟೆಯಲ್ಲಿ ಲ್ಯಾಟಿಸ್, ಸುತ್ತ ಹಳೆಯ ಲೇಸರ್ ಕಲೆಗಳ ಸಾಲು. ಎಡಗಣ್ಣಿನ ಐದು ಗಂಟೆಯಲ್ಲಿ ಯಾರೂ ಬೇಲಿ ಹಾಕದ ಒಂದು ಲ್ಯಾಟಿಸ್, ಅದರೊಳಗೆ ಒಂದು ಪುಟ್ಟ ದುಂಡನೆಯ ತೂತು. ‘ಎರಡೂ ಕಣ್ಣಿನಲ್ಲಿ ಲ್ಯಾಟಿಸ್. ಬ್ಯಾರೇಜ್ ಲೇಸರ್ ಆಗಿದೆ’ ಎಂದ ಚೀಟಿಗೆ ಇದು ಗೊತ್ತೇ ಇರಲಿಲ್ಲ. ನಾನು ಗಾಬರಿಯಾದೆ. ಅವರು ಆಗಲಿಲ್ಲ. ಸುತ್ತ ನೀರಿಲ್ಲ, ಎಳೆತವಿಲ್ಲ, ಸದ್ಯಕ್ಕೆ ಮುಟ್ಟುವುದು ಬೇಡ, ಆರು ತಿಂಗಳಿಗೆ ಬನ್ನಿ ಎಂದರು. ಮಿಂಚು, ದಿಢೀರನೆ ಚುಕ್ಕೆಗಳ ಮಳೆ, ಬದಿಯಿಂದ ಪರದೆ ಸರಿದಂತೆ ಕತ್ತಲು, ಇವುಗಳಲ್ಲಿ ಒಂದು ಕಂಡರೂ ಅದೇ ದಿನ ಬರಬೇಕು ಎಂದು ಅವಳ ಬಾಯಲ್ಲೇ ಎರಡು ಸಲ ಹೇಳಿಸಿದರು.

ಐಸಿಎಲ್ ಮಾತು ಆ ಆರು ತಿಂಗಳಾದ ಮೇಲೆ. ಅಲ್ಲಿಯವರೆಗೆ ತೆಳುವಾದ ಗಾಜಿನ ಹೊಸ ಕನ್ನಡಕಕ್ಕೆ ಆರ್ಡರ್ ಕೊಟ್ಟಿದ್ದೇವೆ. ಆ ಎರಡು ವೃತ್ತಗಳ ಹಾಳೆಯನ್ನು ಅವಳು ಫೈಲಿನಲ್ಲಿ ಎಲ್ಲಕ್ಕಿಂತ ಮೇಲೆ, ಕಾರ್ನಿಯಾ ನಕ್ಷೆಗಳ ಮುಂದೆ ಇಟ್ಟಿದ್ದಾಳೆ.