ದೀಪ ಎತ್ತರಿಸಬೇಡಿ

ಸ್ಕೇಟಿನ ವೀಲು ಎಷ್ಟು ಗಡಸಾಗಿರಬೇಕು ಎಂಬುದನ್ನು ಈ ವಾರ ಬರೆಯುತ್ತೇನೆಂದು ಹೋದ ವಾರ ಹೇಳಿದ್ದೆ. ಬರೆಯಲು ಕೂತೂ ಇದ್ದೆ. ಅಷ್ಟರಲ್ಲಿ ನಮ್ಮ ವಸತಿ ಸಮುಚ್ಚಯದ ಲಿಫ್ಟಿನ ಪಕ್ಕದ ಬೋರ್ಡಿಗೆ ಒಂದು ನೋಟಿಸು ಬಿತ್ತು. ಬ್ಯಾಸ್ಕೆಟ್‌ಬಾಲ್ ಅಂಗಳದ ನಾಲ್ಕು ಮೂಲೆಯ ಹಳೆಯ ದೀಪದ ಕಂಬಗಳನ್ನು ಕಿತ್ತುಹಾಕಿ, ತಾರಸಿಯ ಮೇಲಿಂದ ಎರಡು ದೊಡ್ಡ ಎಲ್‌ಇಡಿ ದೀಪ ಬಿಡುತ್ತಾರಂತೆ. ಭಾನುವಾರದ ಸಭೆಯಲ್ಲಿ ತೀರ್ಮಾನ. ವೀಲಿನ ಮಾತು ಇನ್ನೊಂದು ವಾರ ಕಾಯಲಿ. ಕಾಯಲಾರದವರಿಗೆ ಒಂದು ಸಾಲು: ನುಣುಪು ಸಿಮೆಂಟಿನ ನೆಲಕ್ಕೆ 85ಎಗಿಂತ ಗಡಸಾದ ವೀಲನ್ನು ಮಕ್ಕಳಿಗೆ ಕೊಡಿಸಬೇಡಿ, ತಿರುವಿನಲ್ಲಿ ಹಿಡಿತ ತಪ್ಪುತ್ತದೆ.

ನಾನಿರುವುದು ಚೆನ್ನೈನ ಮಾಧವರಂನಲ್ಲಿ ಎಂದು ಹಳೆಯ ಓದುಗರಿಗೆ ಗೊತ್ತು. ಇಲ್ಲಿನ ಇನ್ನೂರಡಿ ರಸ್ತೆಯಲ್ಲಿ ಹಗಲೂ ರಾತ್ರಿಯೂ ಕಂಟೇನರ್ ಲಾರಿಗಳು. 2018ರಲ್ಲಿ ಹೊರಊರಿನ ಬಸ್ ನಿಲ್ದಾಣ ಆದಮೇಲೆ ಆಂಧ್ರದ ಬಸ್ಸುಗಳೂ ಸೇರಿಕೊಂಡವು. ಮಿಲ್ಕ್ ಕಾಲೊನಿಯ ಕಡೆ ಮೆಟ್ರೋ ಕಾಮಗಾರಿ. ಮಕ್ಕಳ ಕಾಲಿಗೆ ಗಾಲಿ ಕಟ್ಟಿ ರಸ್ತೆಗೆ ಬಿಡುವ ಮಾತೇ ಇಲ್ಲ. ಉಳಿದಿರುವುದು ಈ ಅಂಗಳ ಒಂದೇ. 28 ಮೀಟರ್ ಉದ್ದ, 15 ಮೀಟರ್ ಅಗಲ. ಮೂಲೆಗಳನ್ನು ದುಂಡಗೆ ಸುತ್ತಿದರೆ ಒಂದು ಸುತ್ತಿಗೆ ಹೆಚ್ಚೆಂದರೆ 70 ಮೀಟರ್. ಸ್ಪರ್ಧೆಯ ಟ್ರ್ಯಾಕು 200 ಮೀಟರಿನದು, ತಿರುವಿನಲ್ಲಿ ಎತ್ತರಿಸಿದ್ದು. ನಮ್ಮದು ಚಪ್ಪಟೆ, ಚಿಕ್ಕದು, ಒಂದು ಮೂಲೆಯಲ್ಲಿ ಬೇವಿನ ಎಲೆ ಉದುರುವಂಥದ್ದು. ಸಂಜೆ ಏಳೂವರೆಗೆ ದೀಪ ಹತ್ತುತ್ತದೆ, ಒಂಬತ್ತೂವರೆಗೆ ಆರುತ್ತದೆ. ಆ ಎರಡು ಗಂಟೆಯೇ ನಮ್ಮ ಶಾಲೆ.

ದೀಪದ ಕಂಬಗಳು ಗಿಡ್ಡ. ನೆಲದಿಂದ ಮೂರೂವರೆ ಮೀಟರ್ ಇದ್ದರೆ ಹೆಚ್ಚು. ಸಮುಚ್ಚಯದ ಸಮಿತಿಯವರ ಕಣ್ಣಿಗೆ ಅದೇ ದೋಷ. ಬೆಳಕು ಅಡ್ಡಡ್ಡ ಬೀಳುತ್ತದೆ, ನೆರಳು ಉದ್ದುದ್ದ ಚಾಚುತ್ತದೆ, ಅಂಗಳ ಪಟ್ಟೆಪಟ್ಟೆಯಾಗಿ ಕಾಣುತ್ತದೆ ಎನ್ನುತ್ತಾರೆ. ಅವರು ಹೇಳುವುದೆಲ್ಲ ನಿಜ. ಅದಕ್ಕೇ ಆ ಕಂಬಗಳು ಬೇಕು ಎನ್ನುತ್ತೇನೆ ನಾನು.

ಹೊಸೂರಿನ ಕಡೆಯ ಕನ್ನಡದ ಮನೆಯ ಹನ್ನೊಂದು ವರ್ಷದ ಹುಡುಗಿಯೊಬ್ಬಳು ನಮ್ಮ ಗುಂಪಿನಲ್ಲಿದ್ದಾಳೆ. ಹೋದ ತಿಂಗಳು ಒಂದು ರಾತ್ರಿ ತಿರುವಿಗೆ ಬಾಗಿ ಬರುತ್ತಿದ್ದವಳು ತಟ್ಟನೆ ಎರಡೂ ಕಾಲು ಜೋಡಿಸಿ ನೆಟ್ಟಗಾಗಿ, ಏನನ್ನೋ ಬಳಸಿ ಹೋದಳು. ಮುಂದಿನ ಸುತ್ತಿಗೆ ನಿಲ್ಲಿಸಿ ಕೇಳಿದೆ.

“ಕಲ್ಲು ಇತ್ತು ಮಾಮ.”

“ಅಷ್ಟು ಸಣ್ಣ ಕಲ್ಲು ನಿನಗೆ ಹೆಂಗೆ ಕಾಣ್ತು?”

“ಕಲ್ಲು ಕಾಣ್ಲಿಲ್ಲ. ಅದರ ನೆರಳು ಕಾಣ್ತು.”

ಹೋಗಿ ನೋಡಿದರೆ ಕಡಲೆಬೇಳೆಯಷ್ಟು ಜಲ್ಲಿಚೂರು. ದಪ್ಪ ಐದು ಮಿಲಿಮೀಟರ್ ಇದ್ದೀತು. ಮೂರೂವರೆ ಮೀಟರ್ ಎತ್ತರದ ದೀಪ 14 ಮೀಟರ್ ದೂರದಲ್ಲಿದ್ದರೆ ಅಂಥ ಕಲ್ಲಿನ ನೆರಳು 20 ಮಿಲಿಮೀಟರ್ ಚಾಚುತ್ತದೆ, ಕಲ್ಲಿನ ನಾಲ್ಕು ಪಟ್ಟು. ಅದೇ ದೀಪವನ್ನು 12 ಮೀಟರಿಗೆ ಏರಿಸಿ, ನೆರಳು ಆರು ಮಿಲಿಮೀಟರಿಗೆ ಇಳಿಯುತ್ತದೆ; ಓಡುವ ಕಣ್ಣಿಗೆ ಅದು ಇಲ್ಲದ ಹಾಗೇ. ಮಕ್ಕಳ ಸ್ಕೇಟಿನ ವೀಲು 76 ಅಥವಾ 80 ಮಿಲಿಮೀಟರಿನದು. ದೊಡ್ಡವರ 110ರ ವೀಲು ಹತ್ತಿ ಇಳಿಯುವ ಕಲ್ಲು ಚಿಕ್ಕ ವೀಲನ್ನು ಕಚ್ಚಿ ನಿಲ್ಲಿಸುತ್ತದೆ. ಮೈ ಮುಂದೆ ಹೋಗುತ್ತದೆ, ಕಾಲು ಹಿಂದೆ ಉಳಿಯುತ್ತದೆ. ಅಂಗೈ ಸುಲಿದುಕೊಂಡ ಪ್ರತಿ ಮಗುವಿಗೂ ಇದು ಗೊತ್ತು.

ಹಗಲಿನ ಬೆಳಕು ಈ ಕೆಲಸ ಮಾಡುವುದಿಲ್ಲ. ಚೆನ್ನೈನಲ್ಲಿ ಸೂರ್ಯ ವರ್ಷಕ್ಕೆ ಎರಡು ಸಲ, ಏಪ್ರಿಲ್ ಕೊನೆಯ ವಾರ ಒಮ್ಮೆ, ಆಗಸ್ಟ್ ನಡುವೆ ಒಮ್ಮೆ, ನಡುಹಗಲಲ್ಲಿ ನೇರ ನೆತ್ತಿಯ ಮೇಲೆ ಬರುತ್ತಾನೆ. ಆಗ ನೆಲದ ಮೇಲಿನ ಕಲ್ಲೂ ಬಿರುಕೂ ನೆಲದಲ್ಲೇ ಕರಗಿಹೋಗುತ್ತವೆ. ಮೋಡ ಮುಚ್ಚಿದ ಮಧ್ಯಾಹ್ನವಂತೂ ಇನ್ನೂ ಕಷ್ಟ, ಬೆಳಕು ಎಲ್ಲ ಕಡೆಯಿಂದ ಬಂದು ಎಲ್ಲವನ್ನೂ ಒಂದೇ ಬಣ್ಣ ಮಾಡುತ್ತದೆ. ಹಿಮದ ಮೇಲೆ ಸ್ಕೀ ಮಾಡುವವರು ಅದಕ್ಕೆ ಫ್ಲ್ಯಾಟ್ ಲೈಟ್ ಎನ್ನುತ್ತಾರೆ. ಬಿಳಿಯ ಮೇಲೆ ಬಿಳಿ, ಏರಿದೆಯೋ ತಗ್ಗಿದೆಯೋ ಕಾಲಿಗೆ ತಾಗಿದಮೇಲೇ ತಿಳಿಯುವುದು.

ಹಿಮದ ಮಾತು ಸುಮ್ಮನೆ ಬರಲಿಲ್ಲ. ಅಮೆರಿಕದ ಮಿನ್ನಿಯಾಪೊಲಿಸ್‌ನಲ್ಲಿ ನನ್ನ ತಂಗಿಯ ಮಗ ಇದ್ದಾನೆ. ಒಂದು ಚಳಿಗಾಲ ಅವನ ಮನೆಯಲ್ಲಿದ್ದಾಗ ಕೆಲಸ ಮುಗಿಸಿ ಬಂದವನು, “ಮಾಮ, ಏಳಿ, ನಿಮಗೊಂದು ಗುಡ್ಡ ತೋರಿಸ್ತೀನಿ” ಎಂದು ಕರೆದುಕೊಂಡು ಹೋದ. ಊರಿನ ದಕ್ಷಿಣಕ್ಕೆ ಬರ್ನ್ಸ್‌ವಿಲ್, ಹೆದ್ದಾರಿಯ ಪಕ್ಕದಲ್ಲೇ ಬಕ್ ಹಿಲ್. ಸುತ್ತ ಕತ್ತಲು, ನಡುವೆ ಒಂದು ಬಿಳಿಯ ಇಳಿಜಾರು ದೀಪಗಳ ಸಾಲಿನಲ್ಲಿ ಹೊಳೆಯುತ್ತಿತ್ತು. ಬುಡದಿಂದ ತುದಿಗೆ 310 ಅಡಿ. ನಮ್ಮ ಚಾಮುಂಡಿ ಬೆಟ್ಟದ ಕಾಲುಭಾಗಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಮೇಲಿಂದ ಜಾರಿದರೆ ಅರ್ಧ ನಿಮಿಷದೊಳಗೆ ಕೆಳಗೆ. ಶಾಲೆ ಮುಗಿಸಿ ಬಂದ ಮಕ್ಕಳು ಹಗ್ಗ ಹಿಡಿದು ಮೇಲೆ ಹೋಗುತ್ತಿದ್ದರು, ನೆಟ್ಟ ಕೋಲುಗಳ ನಡುವೆ ಹಾವಿನಂತೆ ಬಳುಕಿ ಇಳಿಯುತ್ತಿದ್ದರು, ನಿಲ್ಲದೆ ಮತ್ತೆ ಹಗ್ಗ ಹಿಡಿಯುತ್ತಿದ್ದರು. ನಾನು ಬೇಲಿಯ ಬಳಿ ನಿಂತು ಹಿಮವನ್ನೇ ನೋಡಿದೆ. ಅಂಚಿನ ಕಂಬಗಳ ಬೆಳಕು ಪಕ್ಕದಿಂದ ಬಿದ್ದು ಒಬ್ಬೊಬ್ಬರ ಸ್ಕೀ ಕೊರೆದ ಗೆರೆಯೂ ನೇಗಿಲ ಸಾಲಿನಂತೆ ಎದ್ದು ಕಾಣುತ್ತಿತ್ತು. ಯಾರು ಅಂಚಿನ ಮೇಲೆ ತೂಕ ಹಾಕಿದ್ದಾರೆ, ಯಾರು ಜಾರಿಸಿಕೊಂಡು ಹೋಗಿದ್ದಾರೆ ಎಂದು ಸ್ಕೀ ಕಟ್ಟಿಯೇ ಗೊತ್ತಿಲ್ಲದ ನನಗೂ ಓದಲು ಬರುತ್ತಿತ್ತು.

ಆ ಗುಡ್ಡದಲ್ಲಿ ಎರಿಕ್ ಸೈಲರ್ ಎಂಬ ಆಸ್ಟ್ರಿಯಾದ ಕೋಚ್ ದಶಕಗಟ್ಟಲೆ ಮಕ್ಕಳನ್ನು ತಿದ್ದಿದರು. ಅವರ ಕೈಯಲ್ಲಿ, ಅದೇ ದೀಪಗಳ ಕೆಳಗೆ ಬೆಳೆದವಳು ಲಿಂಡ್ಸೆ ವಾನ್. 2010ರಲ್ಲಿ ವ್ಯಾಂಕೂವರಿನ ಒಲಿಂಪಿಕ್ಸ್‌ನಲ್ಲಿ ಡೌನ್‌ಹಿಲ್ ಚಿನ್ನ ಗೆದ್ದಳು. ಡೌನ್‌ಹಿಲ್ ಎಂದರೆ ಮಹಾಪರ್ವತದ ಮೇಲಿಂದ ಒಂದೇ ಉಸಿರಿಗೆ ಇಳಿಯುವ ಓಟ. ಅದನ್ನು ಗೆದ್ದವಳ ಪಾಠ ಆಗಿದ್ದು 310 ಅಡಿಯ ದಿಣ್ಣೆಯಲ್ಲಿ. ಆಲ್ಪ್ಸ್‌ನಲ್ಲಿ ಒಬ್ಬರು ಒಂದು ಸಲ ಇಳಿದು, ಲಿಫ್ಟಿನಲ್ಲಿ ಕೂತು, ಮತ್ತೆ ಮೇಲೇರುವ ಹೊತ್ತಿಗೆ ಆ ದಿಣ್ಣೆಯ ಮಗು ಎಷ್ಟೋ ಸಲ ಇಳಿದು ಬಂದಿರುತ್ತದೆ. ತಿರುವು, ತಿರುವು, ಮತ್ತೆ ತಿರುವು. ನಮ್ಮ ಸಂಗೀತದ ಮೇಷ್ಟರುಗಳು ಸರಳೆ ವರಸೆಯನ್ನು ಮೂರು ಕಾಲದಲ್ಲಿ ಹಾಡಿಸುತ್ತಿದ್ದುದು ಇದೇ ರೀತಿ.

ರಾತ್ರಿ ದೀಪ ಹಾಕಿ ಸ್ಕೀ ಮಾಡುವುದು ಹೊಸದೇನಲ್ಲ. ಮ್ಯಾಸಚೂಸೆಟ್ಸ್‌ನ ಪಿಟ್ಸ್‌ಫೀಲ್ಡ್‌ನ ಬಸ್ಕೆ ಗುಡ್ಡಕ್ಕೆ 1936ರಲ್ಲೇ ಜನರಲ್ ಎಲೆಕ್ಟ್ರಿಕ್ ಕಂಪನಿಯ ದೀಪಗಳು ಬಂದಿದ್ದವು. ಹಗಲೆಲ್ಲ ದುಡಿಯುವವರಿಗೆ, ಓದುವವರಿಗೆ ಸಂಜೆಯಲ್ಲದೆ ಬೇರೆ ಹೊತ್ತು ಎಲ್ಲಿದೆ?

ಮಿನ್ನಿಯಾಪೊಲಿಸ್ ನನಗೆ ಇನ್ನೊಂದು ಕಾರಣಕ್ಕೆ ತವರಿನಂತೆ. ಒಂದೇ ಸಾಲಿನಲ್ಲಿ ವೀಲು ಕೂರಿಸಿದ ಹಳೆಯ ಸ್ಕೇಟನ್ನು 1980ರ ಸುಮಾರಿಗೆ ಸ್ಕಾಟ್ ಓಲ್ಸನ್ ಎಂಬ ಐಸ್ ಹಾಕಿ ಆಟಗಾರ ಬೇಸಿಗೆಯ ಅಭ್ಯಾಸಕ್ಕೆಂದು ತಿದ್ದಿ ರೂಪಿಸಿದ್ದು ಆ ಊರಿನಲ್ಲೇ. ರೋಲರ್‌ಬ್ಲೇಡ್ ಹುಟ್ಟಿದ್ದು ಹಾಗೆ. ಹಿಮ, ಮಂಜುಗಡ್ಡೆ, ಡಾಂಬರು ಮೂರಕ್ಕೂ ಕಾಲಿನ ತಳ್ಳು ಒಂದೇ: ಹಿಂದಕ್ಕಲ್ಲ, ಪಕ್ಕಕ್ಕೆ. ಕೊಡಗಿನ ಭವಾನಿ ತೆಕ್ಕಡ ನಂಜುಂಡ ಕ್ರಾಸ್‌ಕಂಟ್ರಿ ಸ್ಕೀಯಲ್ಲಿ ಭಾರತದ ಪರವಾಗಿ ಓಡುವಾಗ ಫ್ರೀಸ್ಟೈಲಿನಲ್ಲಿ ಹಾಕುವ ಹೆಜ್ಜೆಯನ್ನು ಗಮನಿಸಿ. ಕಾಫಿ ತೋಟದ ಸೀಮೆಯಲ್ಲಿ ಹುಟ್ಟಿದ ಆಕೆಯ ಹಿಮದ ಹೆಜ್ಜೆಗೂ ನಮ್ಮ ಸಿಮೆಂಟಿನ ಅಂಗಳದ ಹೆಜ್ಜೆಗೂ ದಾಯಾದಿ ಸಂಬಂಧ.

ಇಲ್ಲೊಂದು ಹಳೆಯ ಲೆಕ್ಕ ಚುಕ್ತಾ ಮಾಡಬೇಕು. ಆಟ ಎಂದರೆ ಬೆಳಗಿನ ಜಾವ ಐದು ಗಂಟೆ ಎನ್ನುವ ಪಂಥವೊಂದಿದೆ. ಸಂಜೆ ಸ್ಕೇಟ್ ಮಾಡುವವರು ಮೋಜಿಗೆ ಬಂದವರು, ಮುಂಜಾವದಲ್ಲಿ ಏಳುವವರೇ ಸಾಧಕರು ಎಂದು ಒಬ್ಬ ಕೋಚ್ ನನ್ನೆದುರೇ ಪಾಲಕರಿಗೆ ಉಪದೇಶ ಮಾಡಿದ್ದು ನೆನಪಿದೆ. ಓಟಕ್ಕೆ, ಈಜಿಗೆ ಇರಬಹುದು. ಗಾಲಿಗೆ ಅಲ್ಲ, ಈ ಊರಿನಲ್ಲಂತೂ ಅಲ್ಲವೇ ಅಲ್ಲ. ಇಲ್ಲಿನವರ ಮಾರ್ಗಳಿ, ನಮ್ಮ ಧನುರ್ಮಾಸ. ಆ ದಿನಗಳಲ್ಲಿ ಐದು ಗಂಟೆಗೆ ಅಂಗಳಕ್ಕೆ ಹೋಗಿ ಅಂಗೈ ಒರೆಸಿ ನೋಡಿ. ರಾತ್ರಿಯಿಡೀ ಆಕಾಶಕ್ಕೆ ಬಿಸಿ ಬಿಟ್ಟುಕೊಟ್ಟ ಸಿಮೆಂಟು ತಣ್ಣಗಾಗಿ ಇಬ್ಬನಿ ಹಿಡಿದಿರುತ್ತದೆ. ಕಣ್ಣಿಗೆ ಕಾಣದ ತೆಳುವಾದ ನೀರಿನ ಪದರ, ಅದರ ಮೇಲೆ ಪಾಲಿಯುರೇಥೇನ್ ವೀಲು, ಅದರ ಮೇಲೆ ಅರ್ಧ ನಿದ್ದೆಯ ಮಗು. ನಾನು ಕಂಡ ಕೆಟ್ಟ ಬೀಳುವಿಕೆಗಳೆಲ್ಲ ಆ ಹೊತ್ತಿನವು. ಒಂದು ನನ್ನದೇ, ಎಡ ಮಣಿಕಟ್ಟಿನಲ್ಲಿ ಅದರ ನೋವು ಇನ್ನೂ ಇದೆ. ರಾತ್ರಿ ಎಂಟಕ್ಕೆ ಅದೇ ನೆಲ ಹಗಲಿನ ಬಿಸಿಲನ್ನು ಒಳಗಿಟ್ಟುಕೊಂಡು ಬೆಚ್ಚಗಿರುತ್ತದೆ, ಒಣಗಿರುತ್ತದೆ. ವೀಲು ಕಚ್ಚಿ ಹಿಡಿಯುತ್ತದೆ. ಸಾಧಕರನ್ನು ಹುಡುಕುವವರು ಮೊದಲು ನೆಲವನ್ನು ಮುಟ್ಟಿ ನೋಡಲಿ.

ಸಣ್ಣ ಅಂಗಳದ ಸಾವಿರ ಸುತ್ತುಗಳಿಂದ ಏನು ಸಿಗುತ್ತದೆ ಎಂದು ಕೇಳುವ ಪಾಲಕರಿಗೆ ನಾನು ಯಾವಾಗಲೂ ಒಂದೇ ಓಟದ ಕಥೆ ಹೇಳುತ್ತೇನೆ. 2023ರ ಅಕ್ಟೋಬರ್ 2, ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟ, ಪುರುಷರ 3000 ಮೀಟರ್ ಸ್ಪೀಡ್ ಸ್ಕೇಟಿಂಗ್ ರಿಲೇ. ಕೊನೆಯ ತಿರುವು ದಾಟಿದಾಗ ದಕ್ಷಿಣ ಕೊರಿಯಾ ಮುಂದಿತ್ತು. ಕೊನೆಯ ಓಟಗಾರ ಜಂಗ್ ಚಿಯೊಲ್‌ವೊನ್ ಗೆರೆಗೆ ಇನ್ನೂ ಒಂದು ಮಾರು ಇರುವಾಗಲೇ ನೆಟ್ಟಗಾದ, ಎರಡೂ ಕೈ ಮೇಲೆತ್ತಿದ. ಅವನ ಬೆನ್ನ ಹಿಂದೆಯೇ ಇದ್ದ ತೈವಾನಿನ ಹ್ವಾಂಗ್ ಯುಲಿನ್ ತಲೆ ಎತ್ತಲೇ ಇಲ್ಲ. ಸೊಂಟ ತಗ್ಗಿಸಿಕೊಂಡೇ ಇದ್ದು, ಕೊನೆಯ ಕ್ಷಣದಲ್ಲಿ ಒಂದು ಕಾಲನ್ನು ಎಷ್ಟು ಚಾಚಬಹುದೋ ಅಷ್ಟು ಮುಂದಕ್ಕೆ ಚಾಚಿದ. ಸ್ಕೇಟಿಂಗಿನಲ್ಲಿ ಎದೆ ಗೆರೆ ದಾಟಿದರೆ ಸಾಲದು, ಸ್ಕೇಟು ದಾಟಬೇಕು. ಕೊರಿಯಾದವರು ಧ್ವಜ ಹೊದ್ದು ಸಂಭ್ರಮಿಸುತ್ತಿದ್ದಾಗ ಫಲಕದ ಮೇಲೆ ಅಂಕಿ ಬಂತು: ತೈವಾನ್ 4 ನಿಮಿಷ 5.692 ಸೆಕೆಂಡ್, ಕೊರಿಯಾ 4 ನಿಮಿಷ 5.702. ನೂರರಲ್ಲೊಂದು ಸೆಕೆಂಡ್. ಆ ಓಟದ ಕಂಚು ನಮ್ಮದು. ಕಂಚಿನ ತಂಡದಲ್ಲಿದ್ದವನು ಚೆನ್ನೈನ ಆನಂದಕುಮಾರ್ ವೇಲ್‌ಕುಮಾರ್. ಅದೇ ದಿನ ನಮ್ಮ ಹುಡುಗಿಯರ ರಿಲೇ ತಂಡವೂ ಕಂಚು ತಂದಿತು.

ಆ ಚಾಚಿದ ಕಾಲು ಒಂದು ದಿನದ ಹುರುಪಿನಿಂದ ಬರುವುದಲ್ಲ. ಸುಸ್ತಾಗಿ ತೊಡೆ ಉರಿಯುವಾಗಲೂ ಸೊಂಟ ಏಳದಂತೆ ಗೆರೆಯವರೆಗೂ ಬಾಗಿಯೇ ಇರುವುದು ಅಭ್ಯಾಸದ ಮಾತು. 200 ಮೀಟರ್ ಟ್ರ್ಯಾಕಿನಲ್ಲಿ ಹತ್ತು ಸುತ್ತಿಗೆ ಹತ್ತು ಸಲ ಗೆರೆ ಸಿಕ್ಕರೆ, ನಮ್ಮ ಅಂಗಳದಲ್ಲಿ ಅಷ್ಟೇ ದೂರಕ್ಕೆ ಇಪ್ಪತ್ತೆಂಟು ಸಲ ಸಿಗುತ್ತದೆ. ಫ್ರೀ ಥ್ರೋ ಗೆರೆಯನ್ನೇ ಗುರಿ ಮಾಡಿಕೊಂಡು ನಮ್ಮ ಮಕ್ಕಳು ಪ್ರತಿ ಸುತ್ತಿಗೂ ಕಾಲು ಚಾಚುತ್ತಾರೆ. ಅಡ್ಡಬೆಳಕಿನಲ್ಲಿ ಅವರವರ ನೆರಳು ಅವರ ಮುಂದೆಯೇ ಬಿದ್ದಿರುತ್ತದೆ: ಮಂಡಿ ಎಷ್ಟು ಮಡಿಸಿದೆ, ಬೆನ್ನು ಎಷ್ಟು ಎದ್ದಿದೆ ಎಂದು ನಾನು ಕೂಗಿ ಹೇಳುವ ಮೊದಲೇ ನೆಲದ ಮೇಲೆ ನೋಡಿಕೊಂಡು ತಿದ್ದಿಕೊಳ್ಳುತ್ತಾರೆ. ಕನ್ನಡಿ ಹಾಕಿದ ಭರತನಾಟ್ಯದ ಕೋಣೆಯಲ್ಲಿ ಕಲಿತವರಿಗೆ ಇದರ ಬೆಲೆ ಗೊತ್ತು. ತಾರಸಿಯ ದೀಪ ಬಂದರೆ ಈ ಕನ್ನಡಿ ಹೋಗುತ್ತದೆ. ನೆರಳು ಕಾಲಡಿಗೆ ಮುದುಡಿಕೊಳ್ಳುತ್ತದೆ.

ಆನಂದಕುಮಾರ್ 2025ರ ಆಗಸ್ಟ್‌ನಲ್ಲಿ ಚೆಂಗ್ಡುವಿನ ವಿಶ್ವ ಕ್ರೀಡಾಕೂಟದಲ್ಲಿ 1000 ಮೀಟರ್ ಕಂಚು ಗೆದ್ದ. ಮರುತಿಂಗಳು ಚೀನಾದ ಬೈದೈಹೆಯಲ್ಲಿ ವಿಶ್ವ ಚಾಂಪಿಯನ್‌ಷಿಪ್, ಅಲ್ಲಿ ಅದೇ ದೂರವನ್ನು 1 ನಿಮಿಷ 24.924 ಸೆಕೆಂಡಿನಲ್ಲಿ ಮುಗಿಸಿ ಚಿನ್ನ. ಸ್ಪೀಡ್ ಸ್ಕೇಟಿಂಗಿನಲ್ಲಿ ಭಾರತದ ಮೊದಲ ಹಿರಿಯರ ವಿಶ್ವ ಚಿನ್ನ ಅದು. ಅದೇ ಕೂಟದಲ್ಲಿ 42 ಕಿಲೋಮೀಟರಿನ ಮ್ಯಾರಥಾನನ್ನೂ ಗೆದ್ದ. ಒಂದೂವರೆ ನಿಮಿಷದೊಳಗಿನ ಓಟವನ್ನೂ ಗಂಟೆ ಹಿಡಿಯುವ ಓಟವನ್ನೂ ಒಬ್ಬನೇ ಗೆಲ್ಲುವುದು ಎಷ್ಟು ಅಪರೂಪ ಎಂದು ಈ ಅಂಕಣದ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಆ ವಾರ ನಮ್ಮ ಅಂಗಳಕ್ಕೆ ಏಳು ಹೊಸ ಮಕ್ಕಳು ಬಂದರು. ಮೂವರ ಬೂಟು ಅಣ್ಣಂದಿರದು, ಬೆರಳ ತುದಿಗೆ ಹತ್ತಿ ತುರುಕಿಕೊಂಡು ಬಂದಿದ್ದರು.

ಸಮಿತಿಯವರ ಚಿಂತೆ ಕರೆಂಟ್ ಬಿಲ್ಲಿನದು, ಅದು ನ್ಯಾಯವಾದದ್ದೇ. ಎಲ್‌ಇಡಿ ಬೇಡ ಎಂದು ನಾನೂ ಹೇಳುತ್ತಿಲ್ಲ. ಹಳೆಯ ಕಂಬಗಳಲ್ಲೇ, ಅದೇ ಎತ್ತರದಲ್ಲಿ, ಕಣ್ಣಿಗೆ ಕುಕ್ಕದಂತೆ ಮೇಲೊಂದು ತಗಡಿನ ಮರೆ ಕಟ್ಟಿ ಎಲ್‌ಇಡಿ ಹಾಕಲಿ. ಬಿಲ್ಲೂ ಇಳಿಯುತ್ತದೆ, ಕಲ್ಲಿನ ನೆರಳೂ ಉಳಿಯುತ್ತದೆ. ಸಭೆ ಭಾನುವಾರ ಸಂಜೆ ಆರಕ್ಕೆ. ಅರ್ಧ ಗಂಟೆ ಮಾತಾಡಿಕೊಳ್ಳಲಿ. ಆಮೇಲೆ ಎಲ್ಲರನ್ನೂ ಅಂಗಳಕ್ಕೆ ಕರೆದುಕೊಂಡು ಹೋಗಿ, ದೀಪ ಹತ್ತಿಸಿ, ನೆಲದ ಮೇಲೆ ಒಂದು ಹಿಡಿ ಕಡಲೆಬೇಳೆ ಚೆಲ್ಲುತ್ತೇನೆ. ಯಾವ ಮೂಲೆಯಲ್ಲಿ ಚೆಲ್ಲಬೇಕೆಂದು ಹೊಸೂರಿನ ಹುಡುಗಿ ಆಗಲೇ ಆರಿಸಿಟ್ಟಿದ್ದಾಳೆ.