ದುರ್ಬಲರ ಹೆಜ್ಜೆಗೆ ಹೊಂದಿಕೊಂಡ ದಾರಿ: ಬನ್ಯನ್‌ನ ಯಾತ್ರಾಕಥೆಯಲ್ಲಿ ನಂಬಿಗಸ್ತಿಕೆಯ ಪಾಠ

ಕ್ರೈಸ್ತ ಬೋಧನೆಯಲ್ಲಿ ನಂಬಿಗಸ್ತಿಕೆ ಎಂದರೆ ದೇವರ ಮೇಲಿಟ್ಟ ಭರವಸೆಯನ್ನೂ ಜೊತೆಯವರಿಗೆ ಕೊಟ್ಟ ಮಾತನ್ನೂ ಕಾಲ ಬದಲಾದರೂ ಕೈಬಿಡದೆ ನಡೆಯುವ ಗುಣ. ಊರು, ಕಸುಬು, ಸಂಗಾತಿ, ಕೊನೆಗೆ ಉಸಿರು ಕೂಡ ಕೈತಪ್ಪುವ ಸ್ಥಿತ್ಯಂತರದ ಕಾಲಗಳಲ್ಲಿ ಈ ಗುಣ ಹೇಗೆ ಉಳಿಯುತ್ತದೆ ಎಂಬುದನ್ನು ಬೈಬಲ್ಲಿನ ಹೊರಗೆ ವಿಸ್ತಾರವಾಗಿ ಚಿತ್ರಿಸಿದ ಕೃತಿಗಳಲ್ಲಿ ಜಾನ್ ಬನ್ಯನ್‌ನ ‘ಪಿಲ್‌ಗ್ರಿಮ್ಸ್ ಪ್ರೋಗ್ರೆಸ್’ ಮುಖ್ಯವಾದುದು. ಹಳೆಯ ಪಾತ್ರೆಗಳನ್ನು ದುರಸ್ತಿ ಮಾಡುವ ಕಸುಬಿನವನಾಗಿದ್ದ ಬನ್ಯನ್, ಅಧಿಕೃತ ಚರ್ಚಿನ ಅನುಮತಿಯಿಲ್ಲದೆ ಬೋಧಿಸಿದ ಕಾರಣಕ್ಕೆ 1660ರಿಂದ 1672ರವರೆಗೆ ಇಂಗ್ಲೆಂಡಿನ ಬೆಡ್‌ಫರ್ಡಿನಲ್ಲಿ ಸೆರೆಯಲ್ಲಿದ್ದನು. ಕೃತಿಯ ಮೊದಲ ಭಾಗ 1678ರಲ್ಲಿ, ಎರಡನೆಯದು 1684ರಲ್ಲಿ ಪ್ರಕಟವಾದವು. ಹರಿ ಕೇಶವಜಿಯವರ ಮರಾಠಿ ಅನುವಾದ ‘ಯಾತ್ರಿಕ ಕ್ರಮಣ’ 1841ರಲ್ಲಿ ಹೊರಬಂದರೆ, ಅದೇ ದಶಕದಲ್ಲಿ ಬಾಸೆಲ್ ಮಿಷನ್ನಿನವರ ಶ್ರಮದಿಂದ ಬನ್ಯನ್‌ನ ಕೃತಿ ‘ಯಾತ್ರಿಕನ ಸಂಚಾರ’ವಾಗಿ ಕನ್ನಡಕ್ಕೂ ಬಂದಿತು.

ಈ ಕೃತಿ ಒಂದು ರೂಪಕಕಥೆ, ಅಂದರೆ ಗುಣಗಳೂ ದೋಷಗಳೂ ಮನಸ್ಸಿನ ಅವಸ್ಥೆಗಳೂ ವ್ಯಕ್ತಿಗಳಾಗಿ, ಊರುಗಳಾಗಿ, ದಾರಿಯ ಏರಿಳಿತಗಳಾಗಿ ಕಾಣಿಸಿಕೊಳ್ಳುವ ಕಥನ. ನಾಶನಪುರದಿಂದ ಬೆನ್ನಮೇಲೆ ಪಾಪದ ಹೊರೆ ಹೊತ್ತು ಹೊರಟ ಕ್ರಿಶ್ಚಿಯನ್ ಎಂಬವನು ನಿರಾಶೆಯ ಕೆಸರು, ಕಷ್ಟದ ಗುಡ್ಡ, ಮರಣಛಾಯೆಯ ಕಣಿವೆ, ಮಾಯೆಯ ಸಂತೆ ಇವನ್ನೆಲ್ಲ ದಾಟಿ ಸ್ವರ್ಗನಗರದ ಮುಂದಿನ ನದಿಯನ್ನು ಸೇರುತ್ತಾನೆ. ಇಲ್ಲಿ ಅಪಾಯಗಳು ಒಂದೇ ಬಗೆಯವಲ್ಲ ಎಂಬುದೇ ಬನ್ಯನ್‌ನ ದೊಡ್ಡ ಒಳನೋಟ. ಸಂತೆಯಲ್ಲಿ ಸಹಯಾತ್ರಿಕನಾದ ನಂಬಿಗಸ್ತನು ವಿಚಾರಣೆಗೊಳಗಾಗಿ ಕೊಲೆಯಾಗುವುದು ಹೊರಗಿನ ಹಿಂಸೆಯ ಪರೀಕ್ಷೆಯಾದರೆ, ಮುಂದೆ ಕಾಲಿಗೆ ಹಿತವೆನಿಸಿದ ಹುಲ್ಲಿನ ಅಡ್ಡದಾರಿ ಹಿಡಿದ ಕ್ರಿಶ್ಚಿಯನ್ ಮತ್ತು ಆಶಾವಂತ ಹತಾಶೆಯೆಂಬ ರಾಕ್ಷಸನ ಸಂಶಯದುರ್ಗದಲ್ಲಿ ಸೆರೆಯಾಗುವುದು ದಾರಿ ಸುಗಮವಾದಾಗ ಬರುವ ಪರೀಕ್ಷೆ. ಹೊಡೆತ, ಹಸಿವು, ಆತ್ಮಹತ್ಯೆಯ ಪ್ರೇರಣೆಗಳ ನಂತರ, ವಾಗ್ದಾನವೆಂಬ ಕೀಲಿಕೈ ತನ್ನ ಎದೆಯ ಬಳಿಯೇ ಇದ್ದುದು ಕ್ರಿಶ್ಚಿಯನ್ನನಿಗೆ ನೆನಪಾಗುತ್ತದೆ. ನಿಷ್ಠೆಯೆಂದರೆ ಎಂದೂ ಎಡವದಿರುವುದಲ್ಲ, ಎಡವಿದ ಮೇಲೂ ಮೊದಲು ಪಡೆದುದನ್ನು ನೆನೆದು ದಾರಿಗೆ ಮರಳುವುದು ಎಂಬ ಈ ಪಾಠದಲ್ಲಿ ಉಪದೇಶಕ್ಕಿಂತ ಅನುಭವದ ಬಲವೇ ಹೆಚ್ಚು.

ಆದರೆ ಮೊದಲ ಭಾಗದ ನಂಬಿಗಸ್ತಿಕೆಗೆ ಗಂಭೀರ ಮಿತಿಗಳಿವೆ. ನಾಯಕನು ಕಿವಿ ಮುಚ್ಚಿಕೊಂಡು, ಕರೆಯುತ್ತಿರುವ ಹೆಂಡತಿ ಮಕ್ಕಳನ್ನು ಹಿಂದೆ ಬಿಟ್ಟು ಓಡುವುದರಿಂದ ಕಥೆ ಮೊದಲಾಗುತ್ತದೆ. ದೇವರಿಗೆ ನಿಷ್ಠನಾಗುವುದು ಮನೆಯವರಿಂದ ಬೇರ್ಪಡುವುದೇ ಎಂಬ ಪ್ರಶ್ನೆಗೆ ಆ ಭಾಗದಲ್ಲಿ ತೃಪ್ತಿಕರ ಉತ್ತರವಿಲ್ಲ. ಎರಡನೆಯದಾಗಿ, ಅಲ್ಲಿ ಪ್ರಲೋಭನೆಗಳಿವೆ, ಆದರೆ ದಿನದ ದುಡಿಮೆಯಿಲ್ಲ. ಯಾತ್ರಿಕನು ದಾರಿಯ ಅರಮನೆಯೊಂದರಲ್ಲಿ ಉಣ್ಣುತ್ತಾನೆಯೇ ಹೊರತು ಅನ್ನವನ್ನು ಗಳಿಸಬೇಕಾಗುವುದಿಲ್ಲ. ಜೊತೆಗೆ, ನದಿಯನ್ನು ಸುಲಭವಾಗಿ ದಾಟಿಬಂದ ಅಜ್ಞಾನಿಯೆಂಬವನನ್ನು ಸ್ವರ್ಗದ ಬಾಗಿಲಿನಿಂದಲೇ ನರಕಕ್ಕೆ ಕಳುಹಿಸುವ ಕೊನೆಯ ದೃಶ್ಯದ ಕಠೋರತೆಯು, ಕೃಪೆಯನ್ನೇ ಆಧಾರವಾಗಿಟ್ಟುಕೊಂಡ ಕೃತಿಯ ಒಟ್ಟು ಧೋರಣೆಗೆ ಹೊಂದುವುದಿಲ್ಲ.

ಕನ್ನಡ ನಾಡಿನ ಕ್ರೈಸ್ತ ಇತಿಹಾಸದಲ್ಲಿ ಈ ಮಿತಿಗಳು ಕೇವಲ ಸಾಹಿತ್ಯಕವಾಗಿ ಉಳಿಯಲಿಲ್ಲ. 1834ರಲ್ಲಿ ಮಂಗಳೂರಿಗೆ ಬಂದು, ಮುಂದಿನ ವರ್ಷಗಳಲ್ಲಿ ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳಿಗೆ ಹಬ್ಬಿದ ಬಾಸೆಲ್ ಮಿಷನ್ನಿನ ಹೊಸ ಸಭೆಗಳಲ್ಲಿ ದೀಕ್ಷಾಸ್ನಾನ ಪಡೆದವರು ಜಾತಿಯ ಜೊತೆಗೆ ಕಸುಬನ್ನೂ ಆಸ್ತಿಯನ್ನೂ ಮನೆಯ ಬಾಗಿಲನ್ನೂ ಕಳೆದುಕೊಳ್ಳುತ್ತಿದ್ದರು. ಮಿಷನ್ ನೆಯ್ಗೆಯ ಕಾರ್ಖಾನೆಗಳನ್ನೂ, 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನೂ ತೆರೆದುದರ ಹಿಂದೆ, ಹೊಸ ನಂಬಿಕೆಗೆ ಹೊಸ ಜೀವನೋಪಾಯದ ನೆಲೆಯಿಲ್ಲದಿದ್ದರೆ ಅದು ನಿಲ್ಲದು ಎಂಬ ಅರಿವಿತ್ತು. 1844ರಲ್ಲಿ ಕ್ರೈಸ್ತನಾದ ಬ್ರಾಹ್ಮಣ ತರುಣ ಆನಂದರಾವ್ ಕೌಂಡಿನ್ಯ ಬಾಸೆಲಿನಲ್ಲಿ ಓದಿ ಪಾದ್ರಿಯಾಗಿ ಮರಳಿದರು. ಕೊಡಗಿನಲ್ಲಿ ದಲಿತ ಕ್ರೈಸ್ತ ಕುಟುಂಬಗಳಿಗಾಗಿ ನೆಲೆಗೊಂಡ ಆನಂದಪುರವು ಅವರ ಹೆಸರನ್ನೇ ಹೊತ್ತಿತು. ಹೊರಟುಬಂದವನ ನಿಷ್ಠೆ ಕೊನೆಗೂ ಇತರರಿಗೆ ನೆಲೆ ಕಟ್ಟಿಕೊಡುವ ಕೆಲಸದಲ್ಲಿ ಪೂರ್ಣಗೊಂಡುದಕ್ಕೆ ಇದು ನಿದರ್ಶನ. ಇಂಥ ಬದುಕಿಗೆ ಕ್ರಿಶ್ಚಿಯನ್ನನ ಒಂಟಿ ಓಟ ಪ್ರೇರಣೆಯಾದೀತು, ಮಾದರಿಯಾಗಲಾರದು.

ಮಾದರಿ ದೊರೆಯುವುದು ಎರಡನೆಯ ಭಾಗದಲ್ಲಿ. ವಿಧವೆಯಾದ ಕ್ರಿಶ್ಚಿಯಾನಾ ತನ್ನ ನಾಲ್ವರು ಗಂಡುಮಕ್ಕಳೊಡನೆ, ನೆರೆಯ ಹುಡುಗಿ ಕರುಣೆಯನ್ನು ಜೊತೆ ಮಾಡಿಕೊಂಡು ಅದೇ ದಾರಿಯಲ್ಲಿ ಹೊರಡುತ್ತಾಳೆ. ದಾರಿಯಲ್ಲಿಯೇ ಮಕ್ಕಳು ಬೆಳೆಯುತ್ತಾರೆ, ಮದುವೆಗಳಾಗುತ್ತವೆ, ಮೊಮ್ಮಕ್ಕಳು ಹುಟ್ಟುತ್ತಾರೆ. ಊರುಗೋಲಿನವನು, ಅಳ್ಳೆದೆಯವನು, ಸದಾ ಹೆದರುವ ಹುಡುಗಿ ಒಬ್ಬೊಬ್ಬರಾಗಿ ಗುಂಪು ಸೇರುವಾಗ, ಮಾರ್ಗದರ್ಶಿಯಾದ ಮಹಾಧೈರ್ಯನು ಅವರ ನಿಧಾನಕ್ಕೆ ಎಲ್ಲರೂ ಹೊಂದಿಕೊಂಡು ನಡೆಯಬೇಕೆಂದು ನಿರ್ಧರಿಸುತ್ತಾನೆ. ಕೊನೆಯ ನದಿಯಲ್ಲೂ ಇದೇ ವ್ಯತ್ಯಾಸ: ಮೊದಲ ಭಾಗದಲ್ಲಿ ಕ್ರಿಶ್ಚಿಯನ್ ಮುಳುಗುವ ಭಯದಿಂದ ನಡುಗಿದರೆ, ಇಲ್ಲಿ ಬಂಧುಗಳೂ ನೆರೆಯವರೂ ದಡದವರೆಗೆ ಬಂದು ಕ್ರಿಶ್ಚಿಯಾನಾಳನ್ನು ಬೀಳ್ಕೊಡುತ್ತಾರೆ, ಹೆದರುತ್ತಿದ್ದ ಹುಡುಗಿ ಹಾಡುತ್ತಲೇ ದಾಟುತ್ತಾಳೆ, ಮಕ್ಕಳ ಸಂಸಾರಗಳು ಸಭೆಯ ಬೆಳವಣಿಗೆಗಾಗಿ ಈಚೆ ದಡದಲ್ಲೇ ಉಳಿಯುತ್ತವೆ. ರೋಚಕತೆಯಲ್ಲಿ ಈ ಭಾಗ ಹಿಂದೆ ಬೀಳುತ್ತದೆ, ಸಂಭಾಷಣೆಗಳು ಹಲವೆಡೆ ಪ್ರಶ್ನೋತ್ತರ ಪಾಠದಂತೆ ಜಡವಾಗುತ್ತವೆ ಎಂಬುದು ನಿಜ. ಆದರೂ ನಿಷ್ಠೆಯನ್ನು ವ್ಯಕ್ತಿಯ ಸಾಹಸದಿಂದ ಸಮೂಹದ ಹೊಣೆಗೆ ತಂದುದರಲ್ಲಿ ಇದರ ನೈತಿಕ ತೂಕ ಹೆಚ್ಚಿನದು.

ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನ ಮುಚ್ಚಂಡಿಯಂಥ ಗಡಿಭಾಗದ ಕನ್ನಡ ಓದುಗರಿಗೆ ಈ ಎರಡನೆಯ ಯಾತ್ರೆ ಅಪರಿಚಿತವೆನಿಸದು. ಅದೇ ತಾಲೂಕಿನ ಗುಡ್ಡಾಪುರದ ದಾನಮ್ಮದೇವಿಯ ಸನ್ನಿಧಿಗೆ ಕರ್ನಾಟಕದಿಂದಲೂ ಜನ ಪಾದಯಾತ್ರೆಯಲ್ಲಿ ಬರುತ್ತಾರೆ. ಅಲ್ಲಿ ಮುದುಕರೂ ಮಕ್ಕಳೂ ಒಂದೇ ತಂಡವಾಗಿ ನಡೆಯುತ್ತಾರೆ, ದಾರಿಯ ಊರಿನವರು ಉಣಬಡಿಸುತ್ತಾರೆ. ವೀರಶೈವರ ಷಟ್‌ಸ್ಥಲ, ಅಂದರೆ ಭಕ್ತಸ್ಥಲದಿಂದ ಐಕ್ಯಸ್ಥಲದವರೆಗಿನ ಆರು ನೆಲೆಗಳ ಸಾಧನಾಕ್ರಮವೂ ಬದುಕನ್ನು ಹಂತಹಂತದ ನಡಿಗೆಯಾಗಿಯೇ ಕಾಣುತ್ತದೆ, ಆದರೆ ಅದು ಕಾಯಕ ದಾಸೋಹಗಳನ್ನು ಬಿಟ್ಟು ನಡೆಯುವ ದಾರಿಯಲ್ಲ. ಬನ್ಯನ್ ಕೈಬಿಟ್ಟ ದುಡಿಮೆಯ ಪ್ರಶ್ನೆ ಇಲ್ಲಿ ಮುಖ್ಯವಾಗುತ್ತದೆ, ಏಕೆಂದರೆ ಬರದ ಸೀಮೆಯಾದ ಜತ್ತದ ಅನೇಕ ಬಡ ಕುಟುಂಬಗಳಿಗೆ ಸ್ಥಿತ್ಯಂತರವೆಂದರೆ ಕಬ್ಬು ಕಡಿಯಲು ಗುಳೆ ಹೋಗುವುದು. ಅವರ ಸ್ಥಿತಿಗೆ ಹತ್ತಿರವಾದ ಕ್ರೈಸ್ತ ಪಾಠ ಬೈಬಲ್ಲಿನ ರೂತಳ ಪುಸ್ತಕದಲ್ಲಿದೆ: ಬರದಿಂದ ಬೆತ್ಲೆಹೇಮ್ ಬಿಟ್ಟು ಮೋವಾಬಿಗೆ ಹೋದ ಕುಟುಂಬದಲ್ಲಿ ಗಂಡಸರೆಲ್ಲ ತೀರಿಹೋದ ಮೇಲೆ, ಸೊಸೆ ರೂತಳು ಅತ್ತೆ ನವೊಮಿಯನ್ನು ಬಿಡದೆ ಪರನಾಡಿಗೆ ಬಂದು, ಸುಗ್ಗಿಯ ಹೊಲದಲ್ಲಿ ಹಕ್ಕಲಾಯ್ದು ಇಬ್ಬರ ಹೊಟ್ಟೆ ಹೊರೆಯುತ್ತಾಳೆ. ಅಲ್ಲಿ ನಿಷ್ಠೆಯೂ ಕೂಲಿಯೂ ಬೇರೆಯಲ್ಲ; ಹಕ್ಕಲನ್ನು ಬಡವರಿಗೆ ಬಿಡಬೇಕೆಂಬ ಧರ್ಮಶಾಸ್ತ್ರದ ವಿಧಿಯಿಂದಾಗಿ ಹೊಲದೊಡೆಯನೂ ಆ ನಿಷ್ಠೆಗೆ ಬಾಧ್ಯನಾಗುತ್ತಾನೆ.

ಹೀಗಾಗಿ ಬನ್ಯನ್‌ನ ಕೃತಿ ಒಳಗಿನ ಹೋರಾಟದ ಚಿತ್ರಣದಲ್ಲಿ ಇಂದಿಗೂ ಸಮರ್ಥವಾಗಿದ್ದರೂ, ಬದುಕಿನ ಸ್ಥಿತ್ಯಂತರಗಳಿಗೆ ಕೈಪಿಡಿಯಾಗಿ ಅದರ ಮೊದಲ ಭಾಗವೊಂದೇ ಸಾಲದು. ಸಭೆಗಳಲ್ಲಿ ನಂಬಿಗಸ್ತಿಕೆಯನ್ನು ಬೋಧಿಸುವವರು ಕ್ರಿಶ್ಚಿಯನ್ನನಿಗಿಂತ ಮೊದಲು ಕ್ರಿಶ್ಚಿಯಾನಾಳ ಕಥೆಯನ್ನು, ಅದರ ಜೊತೆಗೆ ರೂತಳ ಪುಸ್ತಕವನ್ನು ಓದಿಸುವುದು ಉಚಿತ. ಏಕೆಂದರೆ ದಾರಿ ಬದಲಾಗುವ ಕಾಲದಲ್ಲಿ ನಿಷ್ಠೆಯ ನಿಜವಾದ ಅಳತೆ ಯಾರು ಮೊದಲು ಗುರಿ ಮುಟ್ಟಿದರು ಎಂಬುದಲ್ಲ, ನಿಧಾನವಾಗಿ ನಡೆಯುವವರು ಹಿಂದೆ ಉಳಿದರೋ ಇಲ್ಲವೋ ಎಂಬುದು.